ಮದ್ದು ಕುಡಿದ ಸಾಕ್ಷಿ

ಠಣ್, ಠಣ್, ಆಮೇಲೆ ಗರ್ರನೆ ಒಂದು ತಿರುವು. ಕಬ್ಬಿಣದ ಕುಟ್ಟಾಣಿಯಲ್ಲಿ ಶುಂಠಿ ಜಜ್ಜುವ ಸದ್ದು ಅದು. ಹಾಸನ-ಬೆಂಗಳೂರು ರಸ್ತೆಯ ಹಿರೀಸಾವೆಯಲ್ಲಿ ಬಸ್ಸು ನಿಂತು ಎಂಜಿನ್ ಆಫ್ ಆದಕೂಡಲೇ, ಎದ್ದ ಧೂಳು ಕೆಳಗಿಳಿಯುವುದಕ್ಕೂ ಮುಂಚೆ, ಕಿವಿಗೆ ಮೊದಲು ಬೀಳುತ್ತಿದ್ದದ್ದು ಅದೇ. ಅರವತ್ತು ವರ್ಷವಾದ ಮೇಲೆ ಹೋದ ವಾರ ಅದು ನನ್ನ ಅಡುಗೆಮನೆಯಿಂದಲೇ ಕೇಳಿಸಿತು.

ಹಾಸನದ ಈ ಸಲದ ಚಳಿಗೆ ನನಗೆ ನೆಗಡಿ, ಗಂಟಲು ಕೆರೆತ. ಕರೆಂಟು ಹೋಗಿ ಮಿಕ್ಸಿ ನಿಂತಿತ್ತು. ನನ್ನನ್ನು ನೋಡಿಕೊಳ್ಳುವ ಪುಷ್ಪ ಪುತ್ತೂರಿನ ಕಡೆಯ ಹುಡುಗಿ. ಎಲ್ಲಿಂದಲೋ ಹಳೆಯ ಕುಟ್ಟಾಣಿ ಹುಡುಕಿ, ಶುಂಠಿ ಮೆಣಸು ಜಜ್ಜಿ, ಕಷಾಯ ಮಾಡಿ ತಂದು, "ಅಮ್ಮ, ಮದ್ದು ಕುಡಿಯಿರಿ, ಬಿಸಿ ಉಂಟು" ಅಂದಳು. ಅರಕಲಗೂಡಿನಿಂದ ಬಂದು ಎದುರಿಗೆ ಕೂತಿದ್ದ ನನ್ನ ನಾದಿನಿ ಬೆಚ್ಚಿಬಿದ್ದಳು. "ಏನ್ ಕುಡೀರಿ ಅಂದ್ಲು ಇವ್ಳು?" ಎಂದು ಲೋಟದೊಳಕ್ಕೆ ಇಣುಕಿದಳು. ನನಗೆ ನಗು ಬಂತು. ಆದರೆ ಅವತ್ತು ಮಧ್ಯಾಹ್ನ ಕಣ್ಣು ಹತ್ತಲಿಲ್ಲ. ಎದ್ದು ಕೂತೆ, ನಡೆದೆ, ಮತ್ತೆ ಕೂತೆ. ಆ ವರ್ಷವಿಡೀ ನಾನು ಹೀಗೇ ಇದ್ದೆ, ರೆಸ್ಟ್‌ಲೆಸ್.

ಬಿ.ಎಲ್. ಓದಿ, ಎವಿಡೆನ್ಸ್ ಪೇಪರ್ ಒಂದರಲ್ಲಿ ಫೇಲಾಗಿ ಊರಿಗೆ ವಾಪಸ್ಸಾದ ವರ್ಷ ಅದು. ಮಂಗಳೂರು ಕಡೆ, ಧಾರವಾಡ ಕಡೆ ಎಲ್ಲ ಸೇರಿ ಮೈಸೂರು ರಾಜ್ಯ ದೊಡ್ಡದಾಗಿ ಇನ್ನೂ ಕೆಲವೇ ವರ್ಷ. ನಮ್ಮ ಮನೆ ಹೊಳೆನರಸೀಪುರದ ದೇವಸ್ಥಾನದ ಬೀದಿಯಲ್ಲಿ. ಅಪ್ಪ ಕಾಫಿ ಕ್ಯೂರಿಂಗ್, ಅಂದರೆ ಬೀಜ ಹದ ಮಾಡಿಸುವ ಕೆಲಸಕ್ಕೆ ಊರೂರು ಸುತ್ತುವವರು. ಹಾಗಾಗಿ ನನ್ನನ್ನು ಚಿಕ್ಕಂದಿನಲ್ಲೇ ಮಂಗಳೂರಿನ ಒಂದು ಕಾನ್ವೆಂಟಿನ ಬೋರ್ಡಿಂಗಿಗೆ ಹಾಕಿದ್ದರು. ಇಂಗ್ಲಿಷು, ಪಿಯಾನೋ, ಕಸೂತಿ, ಬೆನ್ನು ನೆಟ್ಟಗೆ ಇಟ್ಟು ಕೂರುವುದು, ಇಷ್ಟು ಅಲ್ಲಿ ಕಲಿತೆ. ಲಾ ಓದುತ್ತೇನೆ ಅಂದಾಗ ಅಮ್ಮ ಹಣೆ ಚಚ್ಚಿಕೊಂಡಿದ್ದಳು. ಈಗ ಫೇಲಾಗಿ ಬಂದದ್ದು ಒಳಗೊಳಗೇ ಅವಳಿಗೆ ಸಮಾಧಾನ. ಅರಕಲಗೂಡಿನಲ್ಲಿ ಒಬ್ಬ ಹೈಸ್ಕೂಲು ಮೇಷ್ಟರ ಜಾತಕ ತರಿಸಿ ಇಟ್ಟುಕೊಂಡಿದ್ದಳು. ನಾನು ಮಾತ್ರ ಪರೀಕ್ಷೆಗೆ ಮತ್ತೆ ಕೂರುತ್ತೇನೆ ಎಂದು ಹಟ ಹಿಡಿದು ಹಾಸನಕ್ಕೆ, ಸೋದರಮಾವನ ಮನೆಗೆ ಹೊರಟೆ.

ಶ್ರೀನಿವಾಸಮೂರ್ತಿ ಮಾವ ಹಾಸನದಲ್ಲಿ ವಕೀಲರು. ಕರಿಕೋಟಿನ ತೋಳಿನಲ್ಲಿ ಯಾವಾಗಲೂ ನಶ್ಯದ ಕಲೆ. ಮನೆಯ ಮುಂದಿನ ಹಜಾರವೇ ಆಫೀಸು. ಅಲ್ಲಿ ಒಂದು ಬೆತ್ತದ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ಫೇಲಾದದ್ದು ಯಾವ ಪ್ರಶ್ನೆಗೆ ಎಂದು ಕೇಳಿದರು. ಎಕ್ಸ್‌ಪರ್ಟ್ ಎವಿಡೆನ್ಸ್ ಅಂದೆ. ಪರಿಣತರ ಸಾಕ್ಷ್ಯ.

"ಏನು ಬರೆದೆ?"

"ಡಾಕ್ಟರ್ ಬಂದು ಹೇಳಿದರೆ ಕೋರ್ಟು ನಂಬಬೇಕು ಅಂತ."

"ಸರಿಯಾಗೇ ಫೇಲ್ ಮಾಡಿದಾರೆ ಬಿಡು" ಅಂದರು ಮಾವ. "ಎಕ್ಸ್‌ಪರ್ಟ್ ಅಂದ್ರೆ ಕೋರ್ಟು ಹಾಕ್ಕೊಳ್ಳೋ ಕನ್ನಡಕ ಕಣೇ. ಕಣ್ಣು ಕೋರ್ಟಿನದೇ."

ಹೀಗೆ ಶುರುವಾಯಿತು. ಎವಿಡೆನ್ಸ್ ಆಕ್ಟಿನ ಸೆಕ್ಷನ್ ನಲವತ್ತೈದು ಓದುವುದಕ್ಕೆ ಬಲು ಸರಳ. ಸಾಮಾನ್ಯ ಸಾಕ್ಷಿ ಕಂಡದ್ದನ್ನು ಹೇಳಬೇಕೇ ಹೊರತು ತನಗೆ ಅನ್ನಿಸಿದ್ದನ್ನು ಹೇಳುವಂತಿಲ್ಲ. ಅನ್ನಿಸಿದ್ದನ್ನು ಹೇಳುವ ಲೈಸೆನ್ಸು ಇರುವುದು ಪರಿಣತನಿಗೆ ಮಾತ್ರ; ಅದೂ ವಿದೇಶದ ಕಾನೂನು, ಸೈನ್ಸ್, ಆರ್ಟ್, ಕೈಬರಹ, ಬೆರಳಚ್ಚು ಇಂಥವುಗಳಲ್ಲಿ. ಓದಿದೆ, ಬಾಯಿಪಾಠ ಮಾಡಿದೆ. ಆದರೆ ಹಾಸನದ ಆ ಕಾರ್ತೀಕದ ಬೆಳಗಿನ ಇಬ್ಬನಿಯ ಹಾಗೆ ಎಲ್ಲವೂ ಕಣ್ಣೆದುರಿಗೆ ಇದ್ದು ಯಾವುದೂ ಕಾಣುತ್ತಿರಲಿಲ್ಲ. ಪುಸ್ತಕ ಮುಚ್ಚಿ ಜಗಲಿಗೆ ಬರುವೆ, ಜಗಲಿಯಿಂದ ಗೇಟಿಗೆ, ಗೇಟಿನಿಂದ ಒಳಕ್ಕೆ. "ಬೋನಿನ ಚಿರತೆ ಥರ ಯಾಕೆ ಶತಪಥ ಹಾಕ್ತೀಯೇ?" ಎಂದು ಅತ್ತೆ ಬೈಯುತ್ತಿದ್ದರು.

ಅಂಥ ಒಂದು ಬೆಳಿಗ್ಗೆ ಗೇಟಿನ ಹತ್ತಿರ ನಿಂತಿದ್ದವಳು ವಾರಿಜಕ್ಕ.

ನಲವತ್ತರ ಆಸುಪಾಸು, ಎತ್ತರದ ಹೆಂಗಸು, ಎಣ್ಣೆ ಹಾಕಿ ಬಿಗಿಯಾಗಿ ಕಟ್ಟಿದ ತುರುಬು. ಗಂಡ ಹೆಂಡತಿ ಘಟ್ಟ ಹತ್ತಿ ಬಂದು ಹಿರೀಸಾವೆಯ ರಸ್ತೆಯ ಪಕ್ಕ ಸಣ್ಣ ಹೋಟೆಲು ಇಟ್ಟಿದ್ದರು. ಗಂಡ ತೀರಿಕೊಂಡ ಮೇಲೂ ಅವಳು ಬಾಗಿಲು ಮುಚ್ಚಲಿಲ್ಲ. ಬೆಂಗಳೂರಿಗೆ ಹೋಗುವಾಗ ಬರುವಾಗ ನಾನೂ ಅಲ್ಲಿ ಕಾಫಿ ಕುಡಿದಿದ್ದೆ. ಮಂಗಳೂರಿನಲ್ಲಿ ಓದಿದವಳೆಂದು ಗೊತ್ತಾದ ಮೇಲೆ ಚಟ್ನಿ ಎರಡು ಸಲ ಬಡಿಸುವಳು. ಆದರೆ ಅವತ್ತು ಮುಖದಲ್ಲಿ ಗುರುತಿನ ನಗೆ ಇರಲಿಲ್ಲ. ಕೂತವಳೇ, "ವಕೀಲರೇ, ನನ್ನ ಹೋಟ್ಲಿಗೆ ಜನ ಬರುದು ನಿಂತಿದೆ. ನೀವು ಬರುವ ಹಾಗೆ ಮಾಡ್ಬೇಕು" ಅಂದಳು.

ನಡೆದದ್ದು ಇಷ್ಟು. ತೆಂಗಿನಕಾಯಿ ವ್ಯಾಪಾರದ ಪುಟ್ಟೇಗೌಡ ಅವಳ ಹೋಟೆಲಿನ ಖಾಯಂ ಗಿರಾಕಿ. ಒಂದು ದಿನ ಹೊಟ್ಟೆ ಹಿಡಿದುಕೊಂಡು ಬೆಂಚಿನ ಮೇಲೆ ಮುದುರಿ ಕೂತಿದ್ದನ್ನು ನೋಡಲಾರದೆ ಇವಳು ಶುಂಠಿ ಕಷಾಯ ಮಾಡಿ ಕುಡಿಸಿದಳು. ನೋವು ಅವತ್ತಿಗೆ ನಿಂತಿತು, ಆಮೇಲೆ ಮತ್ತೆ ಬಂತು. ಮನುಷ್ಯ ಸೊರಗಿದ. ಮನೆಯವರು ಅವನನ್ನು ಅರಕಲಗೂಡಿನ ಹತ್ತಿರದ ಒಂದು ಹಳ್ಳಿಗೆ, ಮದ್ದು ತೆಗೆಯುವ ದೊಡ್ಡಯ್ಯನ ಹತ್ತಿರ ಕರೆದುಕೊಂಡು ಹೋದರು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಈಗಿನ ಮಕ್ಕಳಿಗೆ ಹೇಳಬೇಕು. ಮದ್ದು ಹಾಕುವುದು ಅಂದರೆ ಊಟದಲ್ಲಿ ಏನನ್ನೋ ಗುಟ್ಟಾಗಿ ಬೆರೆಸಿ ಕೊಡುವುದು. ಅದು ಹೊಟ್ಟೆಯಲ್ಲಿ ಅಂಟಿಕೊಂಡು ಕೂತು ಮನುಷ್ಯನನ್ನು ದಿನದಿನಕ್ಕೆ ಕರಗಿಸುತ್ತದೆ ಎಂದು ಜನರ ನಂಬಿಕೆ. ಅದನ್ನು ವಾಂತಿ ಮಾಡಿಸಿ ತೆಗೆಯುವವರು ಇದ್ದರು. ಯಾವ ಹೆಂಗಸಿನ ಮೇಲೆ ಆ ಮಾತು ಬಂತೋ ಅವಳ ಮನೆಯಲ್ಲಿ ಆಮೇಲೆ ಒಂದು ಲೋಟ ನೀರನ್ನೂ ಯಾರೂ ಮುಟ್ಟರು. ದೊಡ್ಡಯ್ಯ ಎಂಥದೋ ಸೊಪ್ಪಿನ ರಸ ಕುಡಿಸಿ, ವಾಂತಿಯಲ್ಲಿ ಒಂದು ಗಂಟು ಎತ್ತಿ ತೋರಿಸಿದನಂತೆ. ಪುಟ್ಟೇಗೌಡ ಸೀದಾ ಹಿರೀಸಾವೆಯ ಬಸ್ ಸ್ಟಾಪಿಗೆ ಬಂದು ನಾಲ್ಕು ಜನರ ಮುಂದೆ, "ಈ ಎಂಗ್ಸು ನಂಗೆ ಮದ್ದು ಕೊಟ್ಟವ್ಳೆ" ಎಂದು ಕೂಗಿದ. ವಾರಿಜಕ್ಕ ಕೈ ಒರೆಸಿಕೊಂಡು ಹೊರಗೆ ಬಂದು, ಅಷ್ಟೇ ಗಟ್ಟಿಯಾಗಿ, "ಹೌದು, ಮದ್ದು ಕೊಟ್ಟದ್ದು ನಾನೇ. ಈಗ ಎಂತ ಅದಕ್ಕೆ?" ಅಂದಳು.

ಮಾವ ಪೆನ್ನು ಕೆಳಗಿಟ್ಟರು. "ಯಾಕಮ್ಮಾ ಹಾಗಂದೆ?"

"ಕೊಟ್ಟದ್ದನ್ನು ಕೊಟ್ಟದ್ದು ಅನ್ನದೆ ಸುಳ್ಳು ಹೇಳುದಾ?"

ಸಿಟ್ಟಿನಲ್ಲಿ ಹಂಗಿಸಿ ಆಡಿದ ಮಾತು ಎಂದು ಮಾವ ಅದನ್ನು ಬರೆದುಕೊಂಡರು. ನಾನು ಪಕ್ಕದಲ್ಲೇ ಕೂತಿದ್ದೆ. ಘಟ್ಟದ ಕೆಳಗಿನ ಮಾತು, ಮೇಲಿನ ಮಾತು ಎರಡೂ ನನ್ನ ಕಿವಿಗೆ ಹೊಂದಿಕೊಂಡಿದ್ದವು. ಅದಕ್ಕೇ ಏನೋ, ಅವೆರಡರ ನಡುವಿನ ಬಿರುಕು ಅವತ್ತು ನನಗೆ ಕಾಣಲೇ ಇಲ್ಲ.

ಬಸ್ಸುಗಳು ಮುಂದಿನ ಹೋಟೆಲಿನ ಎದುರಿಗೆ ನಿಲ್ಲತೊಡಗಿದ್ದವು. ಅಪ್ಪಿತಪ್ಪಿ ಬಂದವರು ಕೂಡ ಕಾಫಿ ಮುಂದಿಟ್ಟರೆ, "ನೀನೊಂದ್ ಗುಟುಕು ಕುಡ್ದು ತೋರ್ಸಮ್ಮ ಮೊದ್ಲು" ಅನ್ನುವರು. ಅವಳು ಇನ್ನೊಂದು ಲೋಟಕ್ಕೆ ಸ್ವಲ್ಪ ಬಗ್ಗಿಸಿಕೊಂಡು ಕುಡಿದು ತೋರಿಸುವಳು. "ಬಂದವರಿಗೆಲ್ಲ ಕುಡಿದು ತೋರಿಸಿ ತೋರಿಸಿ ನನಗೆ ರಾತ್ರಿ ನಿದ್ದೆಯೇ ಇಲ್ಲ ವಕೀಲರೇ. ದಿನಕ್ಕೆ ಎಷ್ಟು ಕಾಫಿ ಕುಡಿಯುದು ಒಬ್ಬಳು?" ಅಂದಳು. ನಗಬೇಕೋ ಬೇಡವೋ ತಿಳಿಯಲಿಲ್ಲ. ಅವಳೂ ನಗಲಿಲ್ಲ.

ಚನ್ನರಾಯಪಟ್ಟಣದ ಮ್ಯಾಜಿಸ್ಟ್ರೇಟರ ಕೋರ್ಟಿನಲ್ಲಿ ಮಾವ ಮಾನನಷ್ಟದ ಕೇಸು ಹಾಕಿದರು. ಎದುರು ವಕೀಲರು ನಂಜುಂಡಯ್ಯ, ಆ ಊರಿನವರೇ, ಮಾತಿನಲ್ಲಿ ಬಹಳ ಚುರುಕು. ಪುಟ್ಟೇಗೌಡ ಹೇಳಿದ್ದರಲ್ಲಿ ಸುಳ್ಳಿಲ್ಲ, ಅವಳೇ ಒಪ್ಪಿಕೊಂಡಿದ್ದಾಳೆ, ಹೊಟ್ಟೆಯಿಂದ ಮದ್ದು ಬಂದದ್ದಕ್ಕೆ ದೊಡ್ಡಯ್ಯನೇ ಎಕ್ಸ್‌ಪರ್ಟ್ ಸಾಕ್ಷಿ ಎಂದು ಅವರ ವಾದ. ಮಾವ ನನ್ನ ಕಡೆ ತಿರುಗಿ, "ತಗೋ, ನಿನ್ನ ಪ್ರಶ್ನೆಪತ್ರಿಕೆ ಮನೆಬಾಗಿಲಿಗೇ ಬಂದಿದೆ. ದೊಡ್ಡಯ್ಯ ಎಕ್ಸ್‌ಪರ್ಟೋ ಅಲ್ಲವೋ ನೀನು ಹೇಳು" ಅಂದರು.

ಅಲ್ಲ ಎಂದು ಒಂದೇ ಸಾಲಿನಲ್ಲಿ ಹೇಳಿಬಿಡಬಹುದು ಅಂದುಕೊಂಡಿದ್ದೆ. ಓದುತ್ತಾ ಹೋದಷ್ಟೂ ತಳಮಳ ಹೆಚ್ಚಾಯಿತು. ವಿಶೇಷ ಕುಶಲತೆ ಇರಬೇಕು ಅನ್ನುತ್ತದೆ ಕಾಯಿದೆ; ಆ ಕುಶಲತೆ ಕಾಲೇಜಿನಿಂದಲೇ ಬರಬೇಕು ಎಂದು ಎಲ್ಲೂ ಅನ್ನುವುದಿಲ್ಲ. ಕೈಕೆಲಸದಲ್ಲಿ ಪಳಗಿದ ಅಕ್ಕಸಾಲಿಯೂ ಚಿನ್ನದ ವಿಚಾರದಲ್ಲಿ ಪರಿಣತನೇ. ಹಾಗಾದರೆ ಜೀವಮಾನವಿಡೀ ಮದ್ದು ತೆಗೆದವನು? ಇಲ್ಲದ ವಸ್ತುವೊಂದರಲ್ಲಿ ಅನುಭವ ಇದೆ ಅಂದರೆ ಅದಕ್ಕೆ ಏನು ಹೇಳುವುದು? ಒಂದು ವಸ್ತು ಇಲ್ಲ ಎಂದು ಹೇಳುವುದಕ್ಕೆ ಯಾರು ಎಕ್ಸ್‌ಪರ್ಟು? ಊಟಕ್ಕೆ ಕೂತರೂ ಇದೇ. ಅತ್ತೆ ಬಡಿಸಿದ ಹುಳಿ ಆರಿ ತಣ್ಣಗಾಗುವುದು.

ಮೊದಲ ವಿಚಾರಣೆಗೆ ಮಾವ ಸರ್ಕಾರಿ ಆಸ್ಪತ್ರೆಯ ಡಾಕ್ಟರನ್ನು ಕರೆಸಿದರು. ಪುಟ್ಟೇಗೌಡನಿಗೆ ಇರುವುದು ಹೊಟ್ಟೆಯ ಹುಣ್ಣು, ಮದ್ದು ಎಂಬ ವಿಷ ವೈದ್ಯಶಾಸ್ತ್ರದಲ್ಲೇ ಇಲ್ಲ ಎಂದು ಅವರು ಚೆನ್ನಾಗಿಯೇ ಹೇಳಿದರು. ನಂಜುಂಡಯ್ಯ ಎದ್ದು ಬಹಳ ವಿನಯದಿಂದ ಕೇಳಿದರು.

"ನಿಮ್ಮ ಪುಸ್ತಕಗಳಲ್ಲಿ ಮದ್ದಿನ ವಿಚಾರ ಇಲ್ಲ ಅಲ್ಲವೇ?"

"ಇಲ್ಲ."

"ನೀವು ಯಾವತ್ತೂ ಮದ್ದು ತೆಗೆದಿಲ್ಲ?"

"ಇಲ್ಲ."

"ಅಂದಮೇಲೆ ಮದ್ದಿನ ವಿಚಾರದಲ್ಲಿ ನೀವು ಎಕ್ಸ್‌ಪರ್ಟ್ ಅಲ್ಲ."

ಡಾಕ್ಟರು ತಡವರಿಸಿ, ಅಲ್ಲ ಅಂದರು. ಕೋರ್ಟಿನಲ್ಲಿ ನಗು. ವಾರಿಜಕ್ಕ ಹಿಂದಿನ ಬೆಂಚಿನ ತುದಿಯಲ್ಲಿ ಕೂತಿದ್ದಳು. ಅವಳ ಬೆಂಚಿನಲ್ಲಿ ಬೇರೆ ಯಾರೂ ಕೂತಿರಲಿಲ್ಲ.

ಮಾವನೂ ನಾನೂ ಹಾಸನಕ್ಕೆ ವಾಪಸ್ಸು ಹೊರಟೆವು. ಕಿಟಕಿಗೆ ಗಾಜಿಲ್ಲದ ಬಸ್ಸು, ಸಂಜೆಯ ಕುಳಿರ್ಗಾಳಿ, ಶಾಂತಿಗ್ರಾಮದಲ್ಲಿ ಹಾಲಿನ ಕ್ಯಾನು ಹತ್ತಿಸಲು ಬಸ್ಸು ನಿಂತಿತು. ನನಗೆ ಕೆಮ್ಮು. ಪಕ್ಕದಲ್ಲಿ ಕೂತಿದ್ದ ಅಜ್ಜಿ, "ಔಸ್ತಿ ತಕಳವ್ವ, ಎದೆ ಕಟ್ತದೆ" ಅಂದಳು.

ಔಸ್ತಿ. ಔಷಧಿ. ಆ ಮಾತು ಕಿವಿಗೆ ಬಿದ್ದದ್ದೇ, ಕಾನ್ವೆಂಟಿನ ಉದ್ದನೆಯ ಡಾರ್ಮಿಟರಿ ಕಣ್ಣೆದುರಿಗೆ ಬಂತು. ಬೋರ್ಡಿಂಗಿಗೆ ಸೇರಿದ ಮೊದಲ ವಾರವೇ ನನಗೆ ಜ್ವರ. ಆಯಾ ಒಂದು ಬಟ್ಟಲು ಹಿಡಿದು ಬಂದು, ಮುದ್ದು ಮಾಡುತ್ತಾ, "ಮದ್ದು ಕುಡಿ ಮಗಾ" ಅಂದಿದ್ದಳು. ಹೊಳೆನರಸೀಪುರದ ಬೀದಿಯಲ್ಲಿ ಬೆಳೆದ ನಾನು ಕಿಟಾರನೆ ಕಿರುಚಿ ಮಂಚದ ಕೆಳಗೆ ನುಗ್ಗಿದ್ದೆ. ನನಗೆ ಮದ್ದು ಹಾಕುತ್ತಿದ್ದಾರೆ! ಸಿಸ್ಟರ್ ಬಂದು, "ವಾಟ್ ಈಸ್ ದಿಸ್ ನಾನ್ಸೆನ್ಸ್, ಚೈಲ್ಡ್?" ಎಂದು ಕಾಲು ಹಿಡಿದು ಎಳೆದಿದ್ದರು. ಅಲ್ಲಿ ಮದ್ದು ಅಂದರೆ ಔಷಧಿ, ಅಷ್ಟೇ. ಕೆಮ್ಮಿಗೆ ಮದ್ದು, ತಲೆನೋವಿಗೆ ಮದ್ದು. ಡಿಸ್ಪೆನ್ಸರಿಯನ್ನೇ ಆಯಾಗಳು ಮದ್ದಿನ ಕೋಣೆ ಅನ್ನುತ್ತಿದ್ದರು.

ಮಾವನ ತೋಳು ಹಿಡಿದು ಅಲ್ಲಾಡಿಸಿದೆ. "ಮಾವ, ನಾವು ಹೊಟ್ಟೇಲಿ ಹುಡುಕ್ತಾ ಇದೀವಿ. ಅದು ಇರೋದು ನಾಲಿಗೇಲಿ. ವಾರಿಜಕ್ಕ ಸಿಟ್ಟಿನಲ್ಲಿ ಹೇಳಿದ್ದಲ್ಲ. ಔಷಧಿ ಕೊಟ್ಟದ್ದು ನಾನೇ ಅಂತ ಅಂದಳು ಅಷ್ಟೇ."

ಮಾವ ನನ್ನ ಕಡೆ ತಿರುಗಿದರು. ಹಾಲಿನ ಕ್ಯಾನುಗಳು ಟಾಪಿನ ಮೇಲೆ ಉರುಳುವ ಸದ್ದು. ಆಮೇಲೆ, "ನಲವತ್ತೈದನೇ ಸೆಕ್ಷನ್ ಬಿಟ್ಟು ಮುಂದಕ್ಕೆ ಯಾವತ್ತಾದರೂ ಓದಿದೀಯಾ ನೀನು?" ಅಂದರು.

ಮನೆಗೆ ಹೋಗಿ ಚಪ್ಪಲಿ ಕೂಡ ಬಿಡದೆ ಪುಸ್ತಕ ತೆಗೆದೆವು. ಸೆಕ್ಷನ್ ನಲವತ್ತೊಂಬತ್ತು. ಯಾವುದಾದರೂ ಸೀಮೆಯಲ್ಲಿ ಅಥವಾ ಯಾವುದಾದರೂ ವರ್ಗದ ಜನರಲ್ಲಿ ಬಳಕೆಯಲ್ಲಿರುವ ಮಾತಿನ ಅರ್ಥವೇನು ಎಂಬ ಪ್ರಶ್ನೆ ಬಂದರೆ, ಅದನ್ನು ತಿಳಿಯಲು ವಿಶೇಷ ಅವಕಾಶ ಇದ್ದವರ ಅಭಿಪ್ರಾಯವನ್ನು ಕೋರ್ಟು ಕೇಳಬಹುದು. ಸೈನ್ಸ್ ಬೇಡ, ಡಿಗ್ರಿ ಬೇಡ. ಆ ಮಾತಿನೊಳಗೆ ಬದುಕಿದ್ದರೆ ಸಾಕು. ಈಗ ಹೊಸ ಕಾಯಿದೆ ಬಂದು ನಂಬರುಗಳೆಲ್ಲ ಬದಲಾಗಿವೆಯಂತೆ. ನನ್ನ ತಲೆಯಲ್ಲಿ ಮಾತ್ರ ಅದು ನಲವತ್ತೊಂಬತ್ತೇ.

ಸಾಕ್ಷಿ ಯಾರು? ಹಾಸನದಲ್ಲಿ ಹೋಟೆಲು ಇಟ್ಟಿದ್ದ ಘಟ್ಟದ ಕೆಳಗಿನ ಒಬ್ಬ ಹಿರಿಯರನ್ನು ಮಾವ ಕೇಳಿಕೊಂಡರು. ಅವರು ಕೈ ಮುಗಿದು, "ನಾಳೆ ನನ್ನ ಹೋಟ್ಲಲ್ಲೂ ಕುಡಿದು ತೋರ್ಸಿ ಅಂದ್ರೆ ನಾನು ಎಂತ ಮಾಡುದು ಸ್ವಾಮೀ?" ಅಂದರು. ತಪ್ಪು ಅನ್ನುವ ಹಾಗಿರಲಿಲ್ಲ. ಕೊನೆಗೆ ಮಾವ ಕನ್ನಡಕ ತೆಗೆದು ಒರೆಸುತ್ತಾ, ಮೇಲಿನ ಅರ್ಥವೂ ಕೆಳಗಿನ ಅರ್ಥವೂ ಎರಡೂ ಗೊತ್ತಿರುವವರು ಬೇಕು, ಅಂಥವರು ಈ ಮನೆಯಲ್ಲೇ ಒಬ್ಬರು ಇದ್ದಾರೆ ಅಂದರು.

ಹೊಳೆನರಸೀಪುರದಿಂದ ಅಮ್ಮ ಓಡಿಬಂದಳು. ಹಜಾರಕ್ಕೆ ಕಾಲಿಡುತ್ತಲೇ ತಮ್ಮನ ಮೇಲೆ ಹರಿಹಾಯ್ದಳು. ಅರಕಲಗೂಡಿನವರು ಹೆಣ್ಣು ನೋಡಲು ಬರಬೇಕು, ಇವಳು ಕಟಕಟೆ ಹತ್ತಬೇಕು, ಇದು ಯಾವ ಸೀಮೆ ವಕೀಲಿ ಎಂದು ಕೇಳಿದಳು. ಮಾವ ನಶ್ಯದ ಡಬ್ಬಿ ತೆಗೆದರು. ಆಗ ಅಮ್ಮ ನನ್ನ ಹತ್ತಿರ ಬಂದು, ದನಿ ತಗ್ಗಿಸಿ ಹೇಳಿದಳು.

"ಜನರ ಮುಂದೆ ಮದ್ದು ಕುಡಿದಿದೀನಿ ಅಂತ ಹೇಳಿದ ಮೇಲೆ ನಿನ್ನ ಕೈ ಅಡುಗೆ ಯಾರು ಉಂಡಾರೇ?"

 ವಾರಿಜಕ್ಕನಿಗೆ ಆದದ್ದು ಏನು ಎಂಬುದು ಆವರೆಗೆ ಕೇಸಿನ ಸಂಗತಿಯಾಗಿತ್ತು. ಅಮ್ಮನ ಒಂದು ಮಾತಿನಲ್ಲಿ ಅದು ನನ್ನ ಮೈಮೇಲೆ ಬಂತು. ಅದೇ ಕಾರಣಕ್ಕೆ ಹೋಗಬೇಕು ಅನ್ನಿಸಿತು. ಅಮ್ಮನಿಗೆ ಹಾಗಂತ ಹೇಳಲು ಧೈರ್ಯವಾಗದೆ, ಪೇಪರ್ ಪಾಸಾಗಬೇಕಲ್ಲಮ್ಮ ಅಂದೆ.

ಎರಡನೇ ವಿಚಾರಣೆಯ ದಿನ ಚನ್ನರಾಯಪಟ್ಟಣದ ಕೋರ್ಟಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ಮದ್ದಿನ ಕೇಸು ಎಂದು ಸುತ್ತಲಿನ ಜನ ಗಾಡಿ ಕಟ್ಟಿಕೊಂಡು ಬಂದಿದ್ದರು. ಮೊದಲು ದೊಡ್ಡಯ್ಯನನ್ನು ಕೂಗಿದರು. ಒಗೆದ ಬಿಳಿ ರುಮಾಲು ಸುತ್ತಿ, ಸಾವಧಾನವಾಗಿ ಬಂದ ಮುದುಕ. ಮೋಸಗಾರನ ಮುಖವನ್ನು ನಿರೀಕ್ಷಿಸಿದ್ದ ನನಗೆ ನಿರಾಸೆ. ತನ್ನ ಕೆಲಸದಲ್ಲಿ ಅವನಿಗೆ ಪೂರ್ತಿ ನಂಬಿಕೆ ಇತ್ತು. ಹೊಗೆಸೊಪ್ಪಿನ ಡಬ್ಬಿಯಿಂದ ಒಣಗಿದ ಗಂಟೊಂದನ್ನು ತೆಗೆದು ಮ್ಯಾಜಿಸ್ಟ್ರೇಟರ ಮೇಜಿನ ಮೇಲಿಟ್ಟ. ಬೆಂಚ್ ಕ್ಲಾರ್ಕು ಕುರ್ಚಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿಕೊಂಡ.

ಪರಿಣತನ ಅಭಿಪ್ರಾಯಕ್ಕಿಂತ ಅದರ ಆಧಾರ ಮುಖ್ಯ, ಅದು ಸೆಕ್ಷನ್ ಐವತ್ತೊಂದು. ಆಧಾರ ಕೇಳಿ ಎಂದು ನಾನು ಮಾವನಿಗೆ ಬರೆದುಕೊಟ್ಟಿದ್ದ ಪ್ರಶ್ನೆಗಳನ್ನೇ ಅವರು ಕೇಳಿದರು. ಇದು ಮದ್ದು, ಉಂಡ ಅನ್ನವಲ್ಲ ಎಂದು ಹೇಗೆ ಗೊತ್ತು? ಕಣ್ಣಿಗೆ ಕಾಣ್ತದಲ್ಲ ಸಾ, ಎಂದ. ಈವರೆಗೆ ಬಂದವರಲ್ಲಿ ಮದ್ದು ಸಿಗದೆ ಹೋದದ್ದು ಉಂಟೇ?

"ಒಬ್ರುಗೂ ಇಲ್ಲ ಸಾ. ಎಲ್ಲಾರ್ಗೂ ಸಿಕ್ಕೇ ಸಿಕ್ತದೆ."

"ಹೊಟ್ಟೆಯಲ್ಲಿ ಮದ್ದು ಇಲ್ಲದವರು ಒಬ್ಬರೂ ನಿನ್ನ ಹತ್ತಿರ ಬರಲೇ ಇಲ್ಲವೇ?"

ದೊಡ್ಡಯ್ಯ ಮಾವನನ್ನು ಕನಿಕರದಿಂದ ನೋಡಿದ. "ಇಲ್ದೋರು ನನ್ ತಾವ್ಕೆ ಯಾಕೆ ಬತ್ತಾರೆ ಸಾ?"

ಜನಕ್ಕೆ ಅದು ಸರಿಯಾದ ಉತ್ತರವೆನಿಸಿತು, ತಲೆದೂಗಿದರು. ಮ್ಯಾಜಿಸ್ಟ್ರೇಟರು ಮಾತ್ರ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. ಅವರು ಧಾರವಾಡದ ಕಡೆಯವರು, ಹೊಸದಾಗಿ ವರ್ಗವಾಗಿ ಬಂದವರು. ಇದ್ದದ್ದು ಇಲ್ಲದ್ದು ಬೇರೆ ಮಾಡಲು ಬಾರದ ಕೆಲಸವನ್ನು ವಿದ್ಯೆ ಅನ್ನಲಾಗದು, ಈ ಸಾಕ್ಷಿಯ ಅಭಿಪ್ರಾಯವನ್ನು ಪರಿಣತನ ಅಭಿಪ್ರಾಯವೆಂದು ತೆಗೆದುಕೊಳ್ಳುವುದಿಲ್ಲ ಎಂದು ಬರೆಸಿದರು. ಮಾವನ ಕತ್ತಿನ ಹಿಂಭಾಗ ಕೆಂಪಗಾದದ್ದನ್ನು ನಾನು ನೋಡಿದೆ. ಅವರು ಸಂತೋಷಪಟ್ಟಾಗ ಹಾಗಾಗುತ್ತಿತ್ತು.

ಆಮೇಲೆ ನನ್ನ ಹೆಸರು ಕೂಗಿದರು. ಕಟಕಟೆಯ ಮರ ಜನರ ಕೈಬೆವರಿಗೆ ನುಣುಪಾಗಿತ್ತು. ಹೊಳೆನರಸೀಪುರದ ಅರ್ಥ ಹೇಳಿದೆ, ಮಂಗಳೂರಿನ ಅರ್ಥ ಹೇಳಿದೆ. ನಂಜುಂಡಯ್ಯ ಎದ್ದರು.

"ತಾವು ಕನ್ನಡ ಪಂಡಿತರೋ?"

"ಅಲ್ಲ."

"ವೈದ್ಯರೋ?"

"ಅಲ್ಲ."

"ಮತ್ತೆ ಮದ್ದಿನ ವಿಚಾರದಲ್ಲಿ ತಮಗಿರುವ ವಿಶೇಷ ಜ್ಞಾನ ಯಾವುದು ತಾಯಿ?"

"ನಾನು ಕುಡಿದಿದ್ದೇನೆ" ಅಂದೆ.

 ಹಿಂದಿನಿಂದ ಯಾರೋ ಹೆಂಗಸು, "ಅಯ್ ಸಿವ್ನೇ" ಅಂದ ಸಣ್ಣ ದನಿ. ನಂಜುಂಡಯ್ಯನವರ ಕಣ್ಣು ಹೊಳೆಯಿತು.

"ಯಾರು ಕೊಟ್ಟದ್ದು?"

"ಕಾನ್ವೆಂಟಿನ ಆಯಾ."

"ಎಷ್ಟು ಸಲ?"

"ಜ್ವರ ಬಂದಾಗೆಲ್ಲ."

ಅಲ್ಲಿಗೆ ನಿಲ್ಲಿಸಬಹುದಿತ್ತು. ಅವರು ನಿಲ್ಲಿಸಲಿಲ್ಲ. "ಮದ್ದು ಕುಡಿದ ಮೇಲೆ ತಮಗೆ ಏನಾಯಿತು?"

"ಜ್ವರ ಬಿಟ್ಟಿತು."

ಮೊದಲು ನಕ್ಕವರು ಮ್ಯಾಜಿಸ್ಟ್ರೇಟರು. ಆಮೇಲೆ ಎಲ್ಲರೂ. ನಗು ಇಳಿದ ಮೇಲೆ ಅವರು, "ನಮ್ಮ ಕಡೆ ಮದ್ದು ಅಂದ್ರ ಬಂದೂಕಿಗೆ ತುಂಬೋದು ನೋಡ್ರಿ. ನಾ ಈ ಕೇಸಿನ ಕಾಗದ ಮೊದಲು ಓದಿದಾಗ, ಹೋಟೆಲಿನ್ಯಾಗ ಬಂದೂಕು ಎಲ್ಲಿಂದ ಬಂತಪಾ ಅಂತ ವಿಚಾರ ಮಾಡೀನಿ. ರಾಜ್ಯ ಒಂದಾತು, ಮಾತು ಇನ್ನೂ ಆಗಬೇಕು" ಅಂದರು.

ಅವತ್ತೇ ಪುಟ್ಟೇಗೌಡ ರಾಜಿಗೆ ಒಪ್ಪಿದ. ಕೆಟ್ಟವನಲ್ಲ, ಹೆದರಿದವನು. ಕೋರ್ಟಿನ ಜಗಲಿಯಲ್ಲಿ ಟವೆಲ್ಲು ಕೈಗೆ ತೆಗೆದುಕೊಂಡು, "ತೆಪ್ಪಾಯ್ತು ಕಣವ್ವ. ನಿಮ್ ಸೀಮೇಲಿ ಅದ್ಕೆ ಅಂಗಂತಾರೆ ಅಂತ ನಂಗೇನ್ ಗೊತ್ತು" ಅಂದ. ವಾರಿಜಕ್ಕ ಬರೆದುಕೊಡುವ ತಪ್ಪೊಪ್ಪಿಗೆ ಬೇಡ ಅಂದಳು. "ಬಾಯಲ್ಲಿ ಹೇಳಿದ್ದು ಸಾಕು. ಹಿರೀಸಾವೆಗೆ ಬನ್ನಿ. ಯಾರ ಎದುರು ಕೂಗಿದಿರೋ ಅವರ ಎದುರೇ ಕೂತು ಊಟ ಮಾಡಿ. ನನಗೆ ಅಷ್ಟೇ ಬೇಕಾದ್ದು."

ಮಾರನೆಯ ದಿನ ಮಾವ, ನಾನು ಇಬ್ಬರೂ ಹೋದೆವು. ಬೇರೆ ಹೋಟೆಲಿನ ಮುಂದೆ ನಿಂತಿದ್ದ ಬಸ್ಸಿನಿಂದಲೂ ಜನ ಇಳಿದು ಬಂದು ಬಾಗಿಲಲ್ಲಿ ಗುಂಪು ಕಟ್ಟಿದರು. ವಾರಿಜಕ್ಕ ಅಗಲವಾದ ಬಾಳೆಲೆ ಹಾಕಿದಳು. ಪಲ್ಯ, ಅನ್ನ, ಸಾರು, ಮೇಲೆ ತುಪ್ಪ. ಪುಟ್ಟೇಗೌಡ ಅನ್ನ ಕಲಸಿದ. ತುತ್ತು ಮಾಡಿದ. ಕೈ ಎದೆಯ ಮಟ್ಟಕ್ಕೆ ಬಂದು ಅಲ್ಲೇ ನಿಂತಿತು. ಎಲ್ಲರೂ ನೋಡುತ್ತಿದ್ದಾರೆ.  ಮಾವ ಕೆಮ್ಮಿದರು. ಕೊನೆಗೆ ಅವನು ತಲೆ ಎತ್ತದೆ, ಬಹಳ ಮೆಲ್ಲಗೆ, "ನೀವೊಂದ್ ತುತ್ತು ಮೊದ್ಲು ತಿಂದ್ಬುಡಿ ಅಕ್ಕ" ಅಂದ.

ಕಾಯಿದೆ ಪುಸ್ತಕದಲ್ಲಿ ಇದಕ್ಕೆ ಯಾವ ಸೆಕ್ಷನ್ನೂ ಇಲ್ಲ. ವಾರಿಜಕ್ಕ ಅವನ ಎಲೆಯ ಅಂಚಿನಿಂದಲೇ ಒಂದು ತುತ್ತು ತೆಗೆದು ಬಾಯಿಗಿಟ್ಟುಕೊಂಡಳು, ಅಗಿದಳು, ನುಂಗಿದಳು. ಆಮೇಲೆ ಅವನು ಉಂಡ, ಪೂರ್ತಿ ಉಂಡ, ಎರಡನೇ ಸಲ ಸಾರು ಹಾಕಿಸಿಕೊಂಡ. ಬಾಗಿಲಲ್ಲಿದ್ದವರಲ್ಲಿ ಕೆಲವರು ಒಳಗೆ ಬಂದು ಕೂತರು. ಮಾವ ಬಹಳ ಖುಷಿಯಾಗಿ, ಗೆದ್ದೆವು ಕಣೇ ಅಂದರು. ನಾನು ವಾರಿಜಕ್ಕನ ಮುಖವನ್ನು ನೋಡುತ್ತಿದ್ದೆ. ಅವಳು ಒಲೆಯ ಕಡೆ ತಿರುಗಿ ಬೆಂಕಿ ಸರಿಮಾಡುತ್ತಿದ್ದಳು. ಸರಿಯಾಗಿ ಉರಿಯುತ್ತಿದ್ದ ಬೆಂಕಿ ಅದು.

ಪರೀಕ್ಷೆಗೆ ಕೂತೆ. ಪ್ರಶ್ನೆಪತ್ರಿಕೆಯಲ್ಲಿ ಎಕ್ಸ್‌ಪರ್ಟ್ ಎವಿಡೆನ್ಸ್ ಬಗ್ಗೆ ಒಂದು ಪ್ರಶ್ನೆಯೂ ಇರಲಿಲ್ಲ. ಪಾಸಾದೆ. ಅರಕಲಗೂಡಿನವರು, ಹುಡುಗಿ ಮದ್ದಿನ ಕೇಸಿನಲ್ಲಿ ಸಾಕ್ಷಿಯಂತೆ ಎಂದು ಕೆಲವು ತಿಂಗಳು ಸುಮ್ಮನಿದ್ದರು. ಆಮೇಲೆ ಆ ಮೇಷ್ಟರೇ ಬೇರೆ ಹೆಣ್ಣು ನೋಡಲಾರೆ ಎಂದು ಹಟ ಮಾಡಿದರಂತೆ. ಮದುವೆಯಾಗಿ ಅವರ ಮನೆಯಲ್ಲಿ ನಾನು ಮೊದಲ ಸಲ ಅಡುಗೆ ಮಾಡಿದ ದಿನ ಎಲ್ಲರಿಗಿಂತ ಮೊದಲು ತಟ್ಟೆ ಎಳೆದುಕೊಂಡು ಕೂತವರು ಅವರೇ.  

ವಾರಿಜಕ್ಕನನ್ನು ಕೊನೆಯ ಸಲ ನೋಡಿದ್ದು ಆ ಮದುವೆಗೆ ಸ್ವಲ್ಪ ಮುಂಚೆ. ಬೆಂಗಳೂರಿನಿಂದ ವಕೀಲಿಯ ಸನ್ನದು ತೆಗೆದುಕೊಂಡು ಹಾಸನಕ್ಕೆ ವಾಪಸ್ಸು ಬರುತ್ತಿದ್ದೆ. ಮಾಘದ ಕೊನೆ, ಬೆಳಗಿನ ಒಣ ಚಳಿ, ಮತ್ತದೇ ಕೆಮ್ಮು. ಬಸ್ಸು ಮುಂದಿನ ಹೋಟೆಲಿನ ಎದುರಿಗೇ ನಿಂತಿತು. ಇಳಿದು ರಸ್ತೆಯ ಪಕ್ಕದಲ್ಲೇ ಹಿಂದಕ್ಕೆ ನಡೆದೆ. ಠಣ್ ಠಣ್ ಸದ್ದು ಕೇಳಿಸಿತು, ಸಮಾಧಾನವಾಯಿತು.

ಹೋಟೆಲಿನಲ್ಲಿ ಬೇರೆ ಯಾರೂ ಇರಲಿಲ್ಲ. ತುರುಬಿನಲ್ಲಿ ಬಿಳಿ ಕೂದಲು ಕಂಡಿತು. ಕೆಲವರು ಬರುತ್ತಾರೆ, ಕೆಲವರು ಬರುವುದಿಲ್ಲ, ಅಕ್ಕನ ಮಗ ಶಿವಮೊಗ್ಗಕ್ಕೆ ಬಾ ಅನ್ನುತ್ತಿದ್ದಾನೆ ಎಂದು ಹೇಳಿದಳು. ನನ್ನ ಸನ್ನದಿನ ಸುದ್ದಿ ಕೇಳಿ, ಸೆರಗಿನ ತುದಿಯಿಂದ ನನ್ನ ಕೆನ್ನೆ ಸವರಿ, "ಈಗ ನೀವು ದೊಡ್ಡ ವಕೀಲರು" ಅಂದಳು. ನನ್ನ ಕೆಮ್ಮು ಕೇಳಿ ಕೇಳದ ಹಾಗೆ ಒಳಗೆ ಹೋದಳು. ಕುದಿಯುವ ವಾಸನೆ ಬಂತು, ಶುಂಠಿ, ಮೆಣಸು, ಬೆಲ್ಲ. ಹಬೆಯಾಡುವ ಕಷಾಯ ತಂದು ಮುಂದಿಟ್ಟು, "ಔಸ್ತಿ ಕುಡಿಯಿರಿ" ಅಂದಳು.

ಔಸ್ತಿ ಅಂದಳು. ನಾನು ಅವಳನ್ನೇ ನೋಡಿದೆ. "ನನ್ನ ಹತ್ರ ಯಾಕೆ ವಾರಿಜಕ್ಕ? ಮದ್ದು ಅನ್ನಿ."

ಅವಳು ಬಾಗಿಲ ಕಡೆ ಒಮ್ಮೆ ನೋಡಿದಳು. "ಮೆಲ್ಲ ಹೇಳಿ" ಅಂದಳು.

ಹೊರಗೆ ಬಸ್ಸು ಹಾರನ್ ಹೊಡೆಯತೊಡಗಿತ್ತು. ಲೋಟಕ್ಕೆ ಕೈ ಚಾಚಿದೆ. ಅಷ್ಟರಲ್ಲಿ ಅವಳು, ಏನನ್ನೂ ಯೋಚಿಸದವಳ ಹಾಗೆ, ಕೈಯಲ್ಲಿ ಹಿಡಿದಿದ್ದ ಇನ್ನೊಂದು ಲೋಟಕ್ಕೆ ನನ್ನ ಲೋಟದಿಂದ ಸ್ವಲ್ಪ ಬಗ್ಗಿಸಿಕೊಂಡಳು. ನನ್ನ ಎದುರಿಗೆ ನಿಂತು, ಮೊದಲು ತಾನು ಕುಡಿದಳು. ಕುಡಿದಾದ ಮೇಲೆ ನನ್ನ ಲೋಟವನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟಳು.